ಹೋಯ್ತು ಅಂದ ಡಿಸ್ಕಿನಿಂದ ಹನ್ನೊಂದು ವರ್ಷದ ಫೋಟೋ ತೆಗೆದದ್ದು: ನನ್ನ ಅನುಭವ

"ಇದು ಹೋಯ್ತು, ಆಸೆ ಬಿಟ್ಬಿಡಿ" ಅಂತ ಮೂವರು ಹೇಳಿದ್ದರು. ಅವರಲ್ಲಿ ಇಬ್ಬರು ದಿನಾ ಇದೇ ಕೆಲಸ ಮಾಡುವವರು. ಇವತ್ತು ಅದರಲ್ಲಿದ್ದ ಹನ್ನೊಂದು ವರ್ಷದ ಫೋಟೋಗಳು ಹೊಸ ಡಿಸ್ಕಿನಲ್ಲಿವೆ. ಕೈಬಿಟ್ಟದ್ದು ನಲವತ್ತು ಚಿಲ್ಲರೆ ಫೈಲು ಅಷ್ಟೇ.

1 ಟಿಬಿಯ ಲ್ಯಾಪ್‌ಟಾಪ್ ಡಿಸ್ಕ್. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 197 ಸಂಖ್ಯೆಯ ಸಾಲು, ಅಂದರೆ ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲಾಗದ ತುಣುಕುಗಳ ಎಣಿಕೆ), 1800ರ ಹತ್ತಿರ ಇತ್ತು. ನನಗೆ ಧೈರ್ಯ ಬಂದದ್ದು ಸದ್ದು ಕೇಳಿ. ಕೆಟ್ಟ ಜಾಗ ಬಂದಾಗ ಮಾತ್ರ ಚರ್ರ್, ಟಕ್ ಅಂತ ತಡವರಿಸಿ ಮುಂದೆ ಹೋಗುತ್ತಿತ್ತು. ಆನ್ ಮಾಡಿದ ಕೂಡಲೇ ಒಂದೇ ಸಮ ಟಕ್ ಟಕ್ ಹೊಡೆಯುವ ಡಿಸ್ಕಾಗಿದ್ದರೆ ನಾನು ಮುಟ್ಟುತ್ತಿರಲಿಲ್ಲ, ಅದು ಡಿಸ್ಕ್ ಬಿಚ್ಚಿ ಡೇಟಾ ತೆಗೆಯುವ ಲ್ಯಾಬಿನ ಕೆಲಸ. ಲ್ಯಾಬಿನಲ್ಲೂ ವಿಚಾರಿಸಿದೆ. ಅವರು ಹೇಳಿದ ಮೊತ್ತಕ್ಕೆ ಅಂಥವೇ ಹತ್ತು ಹೊಸ ಡಿಸ್ಕ್ ಬರುತ್ತಿದ್ದವು. ನಾನು ಖರ್ಚು ಮಾಡಿದ್ದು 4 ಟಿಬಿಯ ಒಂದು ಡಿಸ್ಕಿಗೆ ಮಾತ್ರ, ಅದೂ ನನ್ನಲ್ಲೇ ಉಳಿಯಿತು.

ಹಿಂದೆ ಇನ್ನೊಂದು ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸಿದ್ದೆ, ಅದು ಡಿಸ್ಕಿನ ಮೇಲೇ ಬರೆದು ತಪ್ಪು ತಿದ್ದುವ ವಿಂಡೋಸ್ ಪ್ರೋಗ್ರಾಮ್. ಬೆಳಗ್ಗೆ ಎದ್ದು ನೋಡಿದರೆ ಮೂಲ ಹೆಸರು ಕಳೆದುಕೊಂಡ ತುಣುಕುಗಳ, ಅಂದರೆ ಸಿಎಚ್‌ಕೆ ಫೈಲುಗಳ ರಾಶಿ. ಕೆಡುತ್ತಿರುವ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು ಅಂತ ಅವತ್ತೇ ತೀರ್ಮಾನಿಸಿದೆ. ಹಾಗಾಗಿ ಈ ಸಲ ಮೌಂಟೇ ಮಾಡಲಿಲ್ಲ, ಅಂದರೆ ಫೈಲುಗಳು ಕಾಣುವ ಹಾಗೆ ಡಿಸ್ಕನ್ನು ತೆರೆಯಲೇ ಇಲ್ಲ. ಲಿನಕ್ಸ್, ಕೆಟ್ಟ ಡಿಸ್ಕಿನಿಂದ ಬಂದಷ್ಟನ್ನು ನಕಲಿಸುವ ಡಿಡಿರೆಸ್ಕ್ಯೂ ಪ್ರೋಗ್ರಾಮ್, ಎಲ್ಲಿ ಓದಿದ್ದಾಯಿತು, ಎಲ್ಲಿ ಉಳಿಯಿತು ಅಂತ ಅದು ಬರೆದಿಡುವ ಮ್ಯಾಪ್‌ಫೈಲ್, ಇಷ್ಟೇ.

ಆದರೂ ಮೊದಲ ಮೂರು ದಿನ ದಂಡವಾಯಿತು. ಡಿಸ್ಕನ್ನು ಯುಎಸ್‌ಬಿ ಡಬ್ಬಿಯಲ್ಲಿಟ್ಟಿದ್ದೆ. ಎರಡು ಮೂರು ಎರರ್ ಬಂದರೆ ಡಬ್ಬಿಯ ಚಿಪ್ಪೇ ಸ್ತಬ್ಧ. ಕೇಬಲ್ ಕಿತ್ತು ಮತ್ತೆ ಹಾಕಿದರೆ ಲಿನಕ್ಸ್ ಡಿಸ್ಕಿಗೆ ಕೊಡುವ ಹೆಸರೇ ಬದಲಾಗಿ, ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಗಿರುತ್ತಿತ್ತು. ಒಮ್ಮೆ ನಡುರಾತ್ರಿ ಮೂಲ ಯಾವುದು, ಗುರಿ ಯಾವುದು ಅಂತ ಅದಲುಬದಲಾಗಿ, ಎಂಟರ್ ಒತ್ತುವ ಮುಂಚೆ ಕಣ್ಣಿಗೆ ಬಿತ್ತು. ಆಮೇಲೆ ಡಿಸ್ಕಿನ ಸೀರಿಯಲ್ ನಂಬರ್ ಇರುವ, ಬದಲಾಗದ ಬೈ-ಐಡಿ ಹೆಸರು ಬಿಟ್ಟು ಬೇರೆ ಬಳಸಿಲ್ಲ. ಡಬ್ಬಿಯಿಂದ ತೆಗೆದು ಡೆಸ್ಕ್‌ಟಾಪಿನೊಳಗೆ ಡಿಸ್ಕಿಗೆಂದೇ ಇರುವ ಸಾಟಾ ಪೋರ್ಟಿಗೆ ನೇರ ಹಾಕಿದ ಮೇಲೆ ಕೆಲಸ ಓಡಿತು.

ಮೊದಲ ಸುತ್ತು ಸ್ಕ್ರೇಪಿಂಗ್, ಅಂದರೆ ಕೆಟ್ಟ ಜಾಗವನ್ನು ಒಂದೊಂದೇ ಸೆಕ್ಟರಾಗಿ ಕೆರೆಯುವುದು ಬೇಡ ಅಂತ, ಡಿಡಿರೆಸ್ಕ್ಯೂಗೆ ಮೈನಸ್ ಎನ್ ಆಯ್ಕೆ ಹಾಕಿ. ಒಳ್ಳೆಯ ಜಾಗದಲ್ಲಿ ಸೆಕೆಂಡಿಗೆ 80 ಎಂಬಿ, ಕೆಟ್ಟಲ್ಲಿ ಕೆಲವೇ ಕೆಬಿ. ಹದಿನಾಲ್ಕು ಗಂಟೆಗೆ 98 ಶೇಕಡಾ ಬಂತು. ಎರಡನೆಯದು ಹಿಂದಿನಿಂದ ಮುಂದಕ್ಕೆ, ಮೈನಸ್ ದೊಡ್ಡ ಆರ್. ಮುಂದಿನಿಂದ ಸಿಗದ ಎಷ್ಟೋ ಜಾಗ ಹಿಂದಿನಿಂದ ಸಿಕ್ಕಿತು. ಉಳಿದದ್ದಕ್ಕೆ ಮೂರು ಸಲ ಮರುಪ್ರಯತ್ನ, ಆರು ದಿನ. ಕೊನೆಗೆ ಬಾರದೆ ಉಳಿದದ್ದು ಸುಮಾರು 6 ಎಂಬಿ. ಸುತ್ತುಗಳ ನಡುವೆ ಡಿಸ್ಕಿಗೆ ಯಾವಾಗ, ಎಷ್ಟು ಹೊತ್ತು ವಿರಾಮ ಕೊಡಬೇಕು ಅನ್ನುವುದರಲ್ಲಿ ನನ್ನದೇ ಒಂದು ಲೆಕ್ಕ ಇದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಒಂದಿಷ್ಟು ಪ್ರಯೋಗವೂ ಆಯಿತು. ಶಾಖ 46 ಡಿಗ್ರಿ ದಾಟಿದಾಗ ಎರರ್ ಜಾಸ್ತಿ ಬರುತ್ತಿತ್ತು. ಎದುರಿಗೆ ಫ್ಯಾನ್ ಇಟ್ಟು 35ಕ್ಕೆ ಇಳಿಸಿದೆ, ಗುಣ ಕಂಡಿತು. ಡಿಸ್ಕನ್ನು ನೆಟ್ಟಗೆ ನಿಲ್ಲಿಸಿ ಇಟ್ಟು ನೋಡಿದೆ, ಏನೂ ವ್ಯತ್ಯಾಸವಿಲ್ಲ. ಫ್ರೀಜರಿನಲ್ಲಿಡು ಅಂದವರ ಮಾತು ಕೇಳಲಿಲ್ಲ, ಒಳಗಿನ ತಟ್ಟೆಗೆ ತೇವ ಕೂತರೆ ಅಲ್ಲಿಗೆ ಮುಗಿಯಿತು.

ಯಾವ ಫೈಲು ಕೆಟ್ಟಿದೆ ಅಂತ ಹುಡುಕಲು ಇಮೇಜಿನ (ಡಿಸ್ಕಿನಿಂದ ತೆಗೆದ ಪೂರ್ತಿ ನಕಲು) ಇನ್ನೊಂದು ಪ್ರತಿ ಮಾಡಿ, ಡಿಡಿರೆಸ್ಕ್ಯೂನ ಫಿಲ್ ಮೋಡಿನಲ್ಲಿ ಓದಲಾಗದೆ ಉಳಿದ ಸೆಕ್ಟರುಗಳಿಗೆಲ್ಲ ಒಂದು ಗುರುತಿನ ಪದ ತುಂಬಿದೆ. ಆಮೇಲೆ ಆ ಪದ ಇರುವ ಫೈಲುಗಳನ್ನು, ಪದ ಹುಡುಕುವ ಗ್ರೆಪ್ ಕಮಾಂಡಿನಿಂದ ಹೆಕ್ಕಿದೆ. ಹೆಚ್ಚಿನವು ಬ್ರೌಸರಿನ ಕಸ, ಕೆಲವು ವಿಡಿಯೋ. ಫೋಟೋ ಅಂತ ಕೆಟ್ಟದ್ದು ಅಮ್ಮನದೊಂದೇ. ಕೆಳಗಿನರ್ಧ ಬರೀ ಬೂದು ಪಟ್ಟಿ, ಮುಖ ಮೇಲಿನರ್ಧದಲ್ಲಿದೆ. ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ.