ಹಳೇ ಗಾರುಡಿ ಗೊಂಬೆ ಇದೆಯಾ? ಹಿತ್ತಲಿಗೆ ತನ್ನಿ

ವರ್ಷಾನುಗಟ್ಟಲೆ ದಸರಾ ಮೆರವಣಿಗೆಯಲ್ಲಿ ಕುಣಿದು ಸುಸ್ತಾದ ಗಾರುಡಿ ಗೊಂಬೆ, ಅದೇ ತಟ್ಟಿರಾಯ, ಮೂಲೆಯಲ್ಲಿ ಧೂಳು ತಿನ್ನುತ್ತಿದೆಯಾ? ಸುಮ್ನೆ ಸುಡಬೇಡಿ. ಮೊದಲು ಬಟ್ಟೆ ಬಿಚ್ಚಿ, ಗಟ್ಟಿ ಇದ್ದರೆ ತೊಳೆದು ಕೌದಿಗೆ ಎತ್ತಿಡಿ. ಆಮೇಲೆ ಒಳಗಿನ ಬಿದಿರನ್ನು ಬಡಿದು ನೋಡಿ: ಹಿಟ್ಟಿನಂಥ ಪುಡಿ ಉದುರಿದರೆ ಹುಳ ಕೊರೆದಿದೆ ಅಂತ ಅರ್ಥ, ಆ ದಬ್ಬೆಗಳನ್ನು ಕಿತ್ತು ಹಾಕಿ. ಉಳಿದದ್ದನ್ನು ತಂತಿಯಿಂದ ಬಿಗಿದು ಹಿತ್ತಲಲ್ಲಿ ನಿಲ್ಲಿಸಿ, ಬುಡದಲ್ಲಿ ಹೀರೆ ಬೀಜ ಊರಿ. ಒಬ್ಬ ಆಳು ಒಳಗೆ ಹೊಕ್ಕು ಕುಣಿಯುವಷ್ಟು ದೊಡ್ಡದಲ್ವಾ, ಬಳ್ಳಿಗೆ ಬೇರೆ ಚಪ್ಪರವೇ ಬೇಡ. ಮುಖ ಕಾಗದದ್ದಾದರೆ ಮಾತ್ರ ಹೊರಗಿಡಬೇಡಿ, ಒಂದೇ ಮಳೆಗೆ ಮೂಗು ಕರಗುತ್ತದೆ. ನೆನೆಸಿ ಅರೆದ ಕಾಗದಕ್ಕೆ ಹುಣಸೆ ಬೀಜದ ಅಂಟು ಕಲಸಿ ಬಿರುಕು ತುಂಬಿ, ಚೆನ್ನಾಗಿ ಒಣಗಿಸಿ, ಬಣ್ಣ ಬಳಿದು ಜಗಲಿ ಗೋಡೆಗೆ ನೇತುಹಾಕಿ. ನಮ್ಮನೇದು ಈಗ ಚಪ್ಪಲಿ ಕಾಯುತ್ತಿದೆ.