ದಮ್ಮು ಇದ್ದವರು ಪರದೇಶಕ್ಕೆ ಹೊರಡುವ ಮುನ್ನ: ಪಂಪು, ಕಾಗದ, ವಿಮೆ

ವೀಸಾ ಕಡತದ ಜೊತೆಗೇ ಏಜೆಂಟರು ಒಂದು ಓವರ್‌ಸೀಸ್ ಮೆಡಿಕ್ಲೇಮ್ ಹಚ್ಚಿ ಕಳಿಸುವುದು ಹುಬ್ಬಳ್ಳಿ-ಧಾರವಾಡದಲ್ಲಿ ರೂಢಿ. ದಮ್ಮು ಇದ್ದವರಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಇಂಥ ಬಹುತೇಕ ಪಾಲಿಸಿಗಳು ಮೊದಲೇ ಇದ್ದ ಕಾಯಿಲೆಯನ್ನು ಹೊರಗಿಡುತ್ತವೆ, ಇಲ್ಲವೇ ಜೀವಕ್ಕೆ ಅಪಾಯ ಬಂದಾಗ ಮಾತ್ರ ಒಂದು ಮಿತಿಯೊಳಗೆ ದುಡ್ಡು ಕೊಡುತ್ತವೆ. ತಿಂಗಳ ಪಂಪು (ಇನ್ಹೇಲರ್), ಡಾಕ್ಟರ್ ಫೀ, ಉಸಿರಿನ ಬಲ ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆ ಎಲ್ಲ ನಿಮ್ಮ ಕಿಸೆಯಿಂದಲೇ. ಪ್ರೀಮಿಯಂ ಎಷ್ಟೆಂದು ಕೇಳುವ ಮೊದಲು ಪಾಲಿಸಿಯಲ್ಲಿ ಏನೇನು ಸೇರುವುದಿಲ್ಲ ಎಂಬ ಪುಟ ತೆಗೆಸಿ ಓದಿ.

ಹೊರಡುವುದಕ್ಕೆ ಎರಡು ತಿಂಗಳಿದ್ದಾಗ ಎದೆರೋಗದ ಡಾಕ್ಟರರನ್ನು ಕಾಣಿರಿ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ), ಸತ್ತೂರಿನ ಎಸ್‌ಡಿಎಂ, ಗದಗಿನ ಜಿಮ್ಸ್, ಯಾವುದು ಹತ್ತಿರವೋ ಅದು. ಸ್ಪೈರೊಮೆಟ್ರಿ ಮಾಡಿಸಿ, ಮೂಲ ವರದಿ ಇಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು, ರೋಗದ ಹೆಸರು, ಔಷಧಿಯ ಮೂಲ ಹೆಸರು, ಮೈಕ್ರೊಗ್ರಾಂ, ದಿನಕ್ಕೆ ಎಷ್ಟು ಪಫ್, ಕೊನೆಯ ಸಲ ಜೋರಾಗಿ ದಮ್ಮು ಕಟ್ಟಿದ್ದು ಯಾವಾಗ, ಇವೆಲ್ಲ ಅದರಲ್ಲಿರಲಿ. ಬ್ರಾಂಡ್ ಹೆಸರೊಂದೇ ಇದ್ದರೆ ಕೆಲಸಕ್ಕೆ ಬಾರದು. ಅಸ್ಥಾಲಿನ್ ಎಂದರೆ ಲಂಡನ್ನಿನ ಔಷಧ ಅಂಗಡಿಯವರಿಗೆ ಗೊತ್ತಾಗಲಿಕ್ಕಿಲ್ಲ, ಸಾಲ್ಬುಟಮಾಲ್ ಎನ್ನಬೇಕು. ಅಮೆರಿಕದಲ್ಲಿ ಅದೇ ಔಷಧಿಗೆ ಆಲ್ಬ್ಯುಟೆರಾಲ್ ಎನ್ನುತ್ತಾರೆ. ಫೊರಾಕಾರ್ಟ್ ಪಂಪಿನಲ್ಲಿರುವ ಬುಡೆಸೊನೈಡ್-ಫಾರ್ಮೊಟೆರಾಲ್ ಅಲ್ಲಿ ಸಿಂಬಿಕಾರ್ಟ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಬೇರೆ ದೇಶಗಳಲ್ಲಿ 200/6 ಎಂದು ಬರೆಯುವ ಸಿಂಬಿಕಾರ್ಟ್ ಮೇಲೆ ಅಮೆರಿಕದಲ್ಲಿ 160/4.5 ಎಂದಿರುತ್ತದೆ. ಅಳೆಯುವ ರೀತಿ ಬೇರೆ, ಔಷಧಿ ಅಷ್ಟೇ. ಕಡಿಮೆ ಪವರ್ ಕೊಟ್ಟರೆಂದು ಪಫ್ ಹೆಚ್ಚಿಸಬೇಡಿ.

ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್ ಬಳಸುವವರು ಈಗಲೇ ಡಾಕ್ಟರರಿಗೆ ಹೇಳಿ. ಆ ಕ್ಯಾಪ್ಸೂಲುಗಳು ಹೊರದೇಶದಲ್ಲಿ ಸಿಗುವುದು ಕಷ್ಟ. ಊರಲ್ಲಿದ್ದಾಗಲೇ ಸ್ಪ್ರೇ ಪಂಪಿಗೆ ಬದಲಾಯಿಸಿ, ಸ್ಪೇಸರ್ (ಪಂಪಿನ ಬಾಯಿಗೆ ಸಿಕ್ಕಿಸುವ ಕೊಳವೆ) ಹಚ್ಚಿ ಎಳೆಯುವುದನ್ನು ರೂಢಿ ಮಾಡಿಕೊಂಡರೆ ಅಲ್ಲಿ ಹೋಗಿ ತಡಕಾಡುವುದು ತಪ್ಪುತ್ತದೆ. ಮಾಂಟೆಲುಕಾಸ್ಟ್ ಮತ್ತು ಲಿವೊಸಿಟ್ರಿಜಿನ್ ಕೂಡಿದ ಗುಳಿಗೆಯದೂ ಇದೇ ಕಥೆ: ಅಲ್ಲಿ ಎರಡನ್ನೂ ಬೇರೆ ಬೇರೆ ಬರೆದುಕೊಡುತ್ತಾರೆ. ದಮ್ಮಿಗೆ ಇಲ್ಲಿ ಕೊಡುವ ಡೆರಿಫಿಲಿನ್ ಗುಳಿಗೆಯನ್ನಂತೂ ಅಲ್ಲಿನ ಡಾಕ್ಟರರು ಬರೆಯುವುದು ಬಲು ವಿರಳ.

ಎಷ್ಟು ಒಯ್ಯಬೇಕು? 120 ಪಫ್‌ನ ಪಂಪನ್ನು ಬೆಳಿಗ್ಗೆ ಎರಡು, ರಾತ್ರಿ ಎರಡು ಎಳೆದರೆ ಸರಿಯಾಗಿ 30 ದಿನ ಬರುತ್ತದೆ, ಅಂದರೆ ಮೂರು ತಿಂಗಳಿಗೆ ಮೂರು ಪಂಪು. ಅಮೆರಿಕ, ಜರ್ಮನಿ, ಆಸ್ಟ್ರೇಲಿಯಾಗಳಲ್ಲಿ ಸ್ವಂತ ಬಳಕೆಗೆ ಸಾಮಾನ್ಯವಾಗಿ ಮೂರು ತಿಂಗಳ ಔಷಧಿಯೇ ಗಡಿ. ಮುಗಿದ ಮೇಲೆ ಅವ್ವ ಕೊರಿಯರ್ ಮಾಡುತ್ತಾಳೆ ಎಂಬ ಭರವಸೆ ಬೇಡ, ಜರ್ಮನಿಯಲ್ಲಿ ಕಸ್ಟಮ್ಸ್‌ನವರು ತಡೆಯುತ್ತಾರೆ. ಪಂಪುಗಳು ಕೈಚೀಲದಲ್ಲೇ ಇರಲಿ, ಮೂಲ ಡಬ್ಬಿ, ಬಿಲ್ಲು, ಚೀಟಿ ಸಮೇತ. ತಾತ್ಕಾಲಿಕ ಆರಾಮ ಕೊಡುವ 200 ಪಫ್‌ನ ಸಾಲ್ಬುಟಮಾಲ್ ವರ್ಷಕ್ಕೆ ಮೂರಕ್ಕಿಂತ ಹೆಚ್ಚು ಖಾಲಿಯಾಗುತ್ತಿದ್ದರೆ ದಮ್ಮು ಹಿಡಿತದಲ್ಲಿಲ್ಲ ಎಂದರ್ಥ. ಮೊದಲು ಅದನ್ನು ಹತೋಟಿಗೆ ತನ್ನಿ. ಹಿಡಿತ ತಪ್ಪಿದ ದಮ್ಮು ತಗೊಂಡು ವಿಮಾನ ಹತ್ತಿದರೆ ಎಂಥ ವಿಮೆ ಇದ್ದರೂ ಖರ್ಚು ಮೈಮೇಲೆಯೇ.

ಇನ್ನು ದೇಶವಾರು ಲೆಕ್ಕ.

ದಮ್ಮಿನವರಿಗೆ ಬ್ರಿಟನ್ ಸಲೀಸು. ವೀಸಾ ಜೊತೆಗೆ ಆರೋಗ್ಯ ಸರ್‌ಚಾರ್ಜ್ ಕಟ್ಟಿರುತ್ತೀರಿ: 2024ರ ಫೆಬ್ರವರಿಯಿಂದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್, ಕೆಲಸಕ್ಕೆ ಹೋಗುವವರಿಗೆ 1,035. ಹಳೆಯ ಕಾಯಿಲೆ ಎಂದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಯಾರನ್ನೂ ದೂರ ಇಡುವುದಿಲ್ಲ. ಇಳಿದ ವಾರವೇ ಮನೆ ಹತ್ತಿರದ ಜಿಪಿ (ಸಾಮಾನ್ಯ ವೈದ್ಯರು) ಬಳಿ ಹೆಸರು ಹಚ್ಚಿ, ಪಂಪು ಖಾಲಿಯಾಗುವವರೆಗೆ ಕಾಯಬೇಡಿ. ಇಂಗ್ಲೆಂಡಿನಲ್ಲಿ 2025ರ ದರದಂತೆ ಚೀಟಿಯ ಪ್ರತಿ ಔಷಧಿಗೆ 9.90 ಪೌಂಡ್. ಇಡೀ ವರ್ಷದ ಚೀಟಿಗಳಿಗೆ ಮುಂಗಡ ಕಟ್ಟುವ ಪ್ರಿಪೇಮೆಂಟ್ ಸರ್ಟಿಫಿಕೇಟ್‌ಗೆ 114.50. ವರ್ಷಕ್ಕೆ 12 ಅಥವಾ ಹೆಚ್ಚು ಔಷಧಿ ತಗೊಳ್ಳುವವರಿಗೆ ಅದೇ ಲಾಭ. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಚೀಟಿಗೆ ದುಡ್ಡೇ ಇಲ್ಲ.

ಜರ್ಮನಿಯಲ್ಲಿ ಎಡವುವುದು ವಿಮೆ ಆರಿಸುವಾಗ. 30 ವರ್ಷದೊಳಗಿನ ಡಿಗ್ರಿ ವಿದ್ಯಾರ್ಥಿಗಳು ಸಾರ್ವಜನಿಕ ವಿಮೆಗೆ ಸೇರಬಹುದು, ದಮ್ಮಿನ ನೆಪ ಹೇಳಿ ಯಾರೂ ತಿರಸ್ಕರಿಸುವಂತಿಲ್ಲ. ತಿಂಗಳಿಗೆ ಸುಮಾರು 140ರಿಂದ 150 ಯೂರೊ. ಔಷಧಿಗೆ ನಿಮ್ಮ ಪಾಲು ಬೆಲೆಯ ಶೇ. 10, ಕನಿಷ್ಠ 5 ಯೂರೊ, ಗರಿಷ್ಠ 10. ಖಾಸಗಿ ಪಾಲಿಸಿ ಅಗ್ಗ ಎಂದು ಸಾರ್ವಜನಿಕ ವಿಮೆಯಿಂದ ವಿನಾಯಿತಿ ಬರೆದುಕೊಟ್ಟರೆ ಓದು ಮುಗಿಯುವ ತನಕ ವಾಪಸ್ ಬರಲು ದಾರಿಯಿಲ್ಲ. ಡಿಗ್ರಿಗೆ ಮುಂಚಿನ ಭಾಷಾ ಕೋರ್ಸಿಗೆ ಹೋಗುವವರಿಗೆ, 30 ದಾಟಿದವರಿಗೆ ಈ ವಿದ್ಯಾರ್ಥಿ ದರ ಸಿಗುವುದಿಲ್ಲ. ಭಾಷಾ ಕೋರ್ಸಿನ ತಿಂಗಳುಗಳಲ್ಲಿ ಪಂಪಿನ ಖರ್ಚು ನಿಮ್ಮದೇ ಎಂದು ಲೆಕ್ಕ ಹಾಕಿ ಹೊರಡಿ.

ಅಮೆರಿಕದಲ್ಲಿ ಕಂಪನಿಯ ಅಥವಾ ವಿಶ್ವವಿದ್ಯಾಲಯದ ಪ್ಲಾನ್ ತಗೊಳ್ಳುವುದೇ ಲೇಸು. ಅದನ್ನು ಬಿಟ್ಟು ಹೊರಗಿನ ಅಗ್ಗದ ಪ್ಲಾನ್ ತಗೊಂಡವರು ಅಲ್ಲೂ ಹಳೆಯ ಕಾಯಿಲೆಯ ಷರತ್ತಿಗೇ ಸಿಕ್ಕಿಬೀಳುತ್ತಾರೆ. ಪ್ಲಾನಿನಲ್ಲಿ ನೋಡಬೇಕಾದ್ದು ಮೂರು: ಡಿಡಕ್ಟಿಬಲ್ (ವಿಮೆ ಕೊಡಲು ಶುರು ಮಾಡುವ ಮೊದಲು ನೀವೇ ಭರಿಸಬೇಕಾದ ಮೊತ್ತ), ಕೋಪೇ (ಪ್ರತಿ ಸಲ ನೀವು ಕೊಡಬೇಕಾದ ಪಾಲು), ಔಷಧಿ ಪಟ್ಟಿಯಲ್ಲಿ ನಿಮ್ಮ ಪಂಪಿದೆಯೇ ಎಂಬುದು. ಆಸ್ಟ್ರಾಜೆನೆಕಾ, ಬೋರಿಂಗರ್ ಇಂಗಲ್‌ಹೈಮ್, ಜಿಎಸ್‌ಕೆ ಕಂಪನಿಗಳು ತಮ್ಮ ಅನೇಕ ಪಂಪುಗಳಿಗೆ ಅರ್ಹ ರೋಗಿಗಳ ಖರ್ಚನ್ನು ತಿಂಗಳಿಗೆ 35 ಡಾಲರ್‌ಗೆ ಸೀಮಿತಗೊಳಿಸುವುದಾಗಿ 2024ರಲ್ಲಿ ಘೋಷಿಸಿದವು. ಇದು ತನ್ನಷ್ಟಕ್ಕೇ ಸಿಗದಿದ್ದರೆ ಆ ಪಂಪಿನ ಕಂಪನಿಯ ಕಾರ್ಡ್ ಡೌನ್‌ಲೋಡ್ ಮಾಡಿ ಅಂಗಡಿಯಲ್ಲಿ ತೋರಿಸಿ.

ಆಸ್ಟ್ರೇಲಿಯಾದ ವಿದ್ಯಾರ್ಥಿ ವಿಮೆಯಲ್ಲಿ ಮೊದಲಿನ ಕಾಯಿಲೆಗೆ 12 ತಿಂಗಳು ಕಾಯಬೇಕು. ಮೊದಲ ವರ್ಷಕ್ಕೆಂದು ಕೈಯಲ್ಲಿ ದುಡ್ಡು ಇಟ್ಟುಕೊಳ್ಳಿ. ಸಾಲ್ಬುಟಮಾಲ್ ಮಾತ್ರ ಅಲ್ಲಿ ಚೀಟಿ ಇಲ್ಲದೆಯೂ ಫಾರ್ಮಸಿಸ್ಟ್ ಬಳಿ ಸಿಗುತ್ತದೆ.

ವಿಮೆಯ ಫಾರ್ಮಿನಲ್ಲಿ ದಮ್ಮು ಇದೆಯೇ ಎಂದು ಕೇಳಿದಲ್ಲಿ ಹೌದು ಎಂದೇ ಬರೆಯಿರಿ. "ಬರೀಬ್ಯಾಡ್ರಿ, ಪ್ರೀಮಿಯಂ ಏರತೈತಿ" ಎನ್ನುವ ಏಜೆಂಟರು ಕ್ಲೇಮ್ ತಿರಸ್ಕಾರವಾದ ದಿನ ಫೋನ್ ಎತ್ತುವುದಿಲ್ಲ. ದವಾಖಾನೆಗೆ ಸೇರಿದರೆ ಅಲ್ಲಿನವರು ಮೊದಲು ಕೇಳುವುದೇ "ಎಷ್ಟು ವರ್ಷದಿಂದ ಇದೆ?" ಎಂದು. ನೀವು ಕೊಟ್ಟ ಉತ್ತರ ಕೇಸ್ ಪೇಪರಿನಲ್ಲಿ ಉಳಿಯುತ್ತದೆ.

ಊರಿನ ಆರೋಗ್ಯ ಪಾಲಿಸಿ ಇದ್ದರೆ ನಿಲ್ಲಿಸಬೇಡಿ. ಅದು ಹೊರದೇಶದಲ್ಲಿ ಸಾಮಾನ್ಯವಾಗಿ ನಡೆಯದು, ನಿಜ. ಆದರೆ ಬಿಟ್ಟು ಮತ್ತೆ ಹೊಸದಾಗಿ ತಗೊಂಡರೆ ದಮ್ಮಿನ ಖರ್ಚು ಸಿಗುವ ಮುನ್ನ ಕಾಯುವ ಅವಧಿ ಮೊದಲಿನಿಂದ ಶುರು. 2024ರ ನಿಯಮದಂತೆ ಅದು ಗರಿಷ್ಠ 36 ತಿಂಗಳು. ನವೀಕರಣದ ದಿನಾಂಕವನ್ನು ಮನೆಯವರಿಗೆ ಬರೆದುಕೊಟ್ಟು ಹೋಗಿ.

ಔಷಧಿಯನ್ನು ಮಂಜಾಗಿಸಿ ಎಳೆಯಲು ಕೊಡುವ ನೆಬ್ಯುಲೈಜರ್ ಯಂತ್ರ ಒಯ್ಯುವ ಯೋಚನೆ ಇದ್ದರೆ ಹಿಂಬದಿಯ ಚೀಟಿ ನೋಡಿ. ನಮ್ಮದು 230 ವೋಲ್ಟಿನದು, ಅಮೆರಿಕ-ಕೆನಡಾದ ಮನೆಗಳಲ್ಲಿ ಬರುವುದು 120. ಪಿನ್ ಬದಲಾಯಿಸುವ ಅಡಾಪ್ಟರ್ ಹಾಕಿದರೂ ಮೋಟಾರ್ ಸರಿಯಾಗಿ ತಿರುಗದೆ ಮಂಜು ಏಳುವುದಿಲ್ಲ. ಅಲ್ಲಿಗೆ ಹೋಗುವವರು ಅಲ್ಲಿಯೇ ಕೊಳ್ಳುವುದು ಸರಿ.