ಮೊದಲು ಭುಜ, ಆಮೇಲೆ ಬಟ್ಟೆ

ಉಡುಪಿಯ ಕುಂಜಿಬೆಟ್ಟಿನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಇಪ್ಪತ್ತೆರಡು ವರ್ಷಗಳಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಅಳತೆ ಟೇಪು ಕೈಗೆತ್ತಿಕೊಂಡ ಕೂಡಲೇ ಹೆಚ್ಚಿನವರು ಹೇಳುವ ಮಾತು ಒಂದೇ: ‘ಅಕ್ಕ, ನನ್ನ ಮೈಗೆ ಯಾವುದೂ ಒಪ್ಪುವುದಿಲ್ಲ.’ ಹದಿನೆಂಟರ ಹುಡುಗಿಯೂ ಹೇಳುತ್ತಾಳೆ, ಅರುವತ್ತು ದಾಟಿದವರೂ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರು ತೊಟ್ಟು ಬಂದ ಸಿದ್ಧ ಉಡುಪನ್ನು ಒಮ್ಮೆ ನೋಡಿದರೆ ಸಾಕು, ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ. ಬಹುಪಾಲು ಅದು ಭುಜದಲ್ಲಿರುತ್ತದೆ.

ಲಂಗ, ಪ್ಯಾಂಟುಗಳನ್ನು ಬಿಟ್ಟರೆ ನಾವು ತೊಡುವುದೆಲ್ಲ ಭುಜದಿಂದಲೇ ಇಳಿಯಬೇಕು. ಭುಜದ ಮೂಳೆ ಮುಗಿಯುವಲ್ಲಿ ತೋಳಿನ ಹೊಲಿಗೆ ಕೂರಬೇಕು. ಅದು ಒಂದು ಇಂಚು ಕೆಳಗೆ ಜಾರಿದರೆ ಕಂಕುಳಲ್ಲಿ ಬಟ್ಟೆ ಮುದುಡುತ್ತದೆ, ಕತ್ತು ಹಿಂದಕ್ಕೆ ಎಳೆಯುತ್ತದೆ, ಎದೆಯ ಉಬ್ಬಿಗೆ ಬಟ್ಟೆ ಹೊಂದಲೆಂದು ಹಿಡಿದ ಮಡಿಕೆ, ಅಂದರೆ ಟಕ್ಸು, ಎದೆಯ ಕೆಳಗೆ ಹೋಗಿ ಕೂರುತ್ತದೆ. ಕನ್ನಡಿಯಲ್ಲಿ ನೋಡಿಕೊಂಡವರು ‘ನಾನು ದಪ್ಪ’ ಎಂದುಕೊಂಡು ಹೊರಬರುತ್ತಾರೆ. ಆದ್ದರಿಂದ ಸಿದ್ಧ ಉಡುಪು ಕೊಳ್ಳುವವರಿಗೆ ನಾನು ಹೇಳುವುದು, ಭುಜಕ್ಕೆ ಸರಿಯಾದುದನ್ನು ಆರಿಸಿಕೊಳ್ಳಿ, ಸೊಂಟ ಸಡಿಲವಾದರೆ ಆಗಲಿ ಎಂದು. ಸೊಂಟವನ್ನು ಒಳಗೆ ಹಿಡಿಯುವುದು ಹತ್ತು ನಿಮಿಷದ ಕೆಲಸ. ಭುಜ ಸರಿಪಡಿಸಬೇಕಾದರೆ ತೋಳು ಬಿಚ್ಚಿ ಮತ್ತೆ ಕತ್ತರಿಸಬೇಕು.

ನಾನು ಹೊಲಿಗೆ ಕಲಿತ ತರಗತಿಯಲ್ಲಿ ಗೋಡೆಯ ಮೇಲೊಂದು ಚಿತ್ರಪಟವಿತ್ತು. ಪೇರ್, ಆಪಲ್, ಮರಳುಗಡಿಯಾರ, ಆಯತ ಎಂದು ಹೆಂಗಸರ ಮೈಕಟ್ಟನ್ನು ಹೆಸರಿಟ್ಟು ಹಂಚಿತ್ತು. ಅಂಗಡಿ ಇಟ್ಟ ಮೊದಲ ವರ್ಷಗಳಲ್ಲಿ ಅದನ್ನೇ ನಂಬಿದ್ದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಬಂದರು. ಕಿರಿದಾದ ಭುಜ, ತೆಳು ಸೊಂಟ, ಅಗಲವಾದ ಪೃಷ್ಠ. ಪೃಷ್ಠವನ್ನು ಮರೆಸಬೇಕೆಂದು ಎದೆಯ ಕೆಳಗಿನಿಂದಲೇ ನೆರಿಗೆ ಕೊಟ್ಟು ದೊಡ್ಡ ಘೇರಿನ ಅನಾರ್ಕಲಿ ಹೊಲಿದೆ. ವಾರ ಕಳೆದು ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದು ಮೆತ್ತಗೆ ಹೇಳಿದರು: ‘ಎಷ್ಟನೇ ತಿಂಗಳು ಎಂದು ಮೂವರು ಕೇಳಿದರು.’ ಅವರ ಮೈಯಲ್ಲಿ ಅತಿ ಚೆಂದವಾಗಿದ್ದ ಸೊಂಟವನ್ನು ನಾನೇ ನೆರಿಗೆಯ ಒಳಗೆ ಹೂತುಬಿಟ್ಟಿದ್ದೆ. ಆ ರಾತ್ರಿ ಬಟ್ಟೆ ಪೂರ್ತಿ ಬಿಚ್ಚಿ, ಭುಜದಿಂದ ಸೊಂಟದವರೆಗೆ ಮೈಯ ಆಕಾರಕ್ಕೆ ಉದ್ದಕ್ಕೆ ಇಳಿಯುವ ಹೊಲಿಗೆ, ಅಂದರೆ ಪ್ರಿನ್ಸೆಸ್ ಕಟ್, ಕೊಟ್ಟು, ಸೊಂಟವನ್ನು ಮೈಗೆ ಹಿಡಿಸಿ, ಅಲ್ಲಿಂದ ಕೆಳಗೆ ಹೋಗುತ್ತಾ ಅಗಲವಾಗುವ ಎ-ಲೈನ್ ಬಿಟ್ಟೆ. ಕತ್ತನ್ನು ದೋಣಿಯಾಕಾರದಲ್ಲಿ ಅಗಲ ಮಾಡಿದೆ, ಭುಜ ಸ್ವಲ್ಪ ಅಗಲವಾಗಿ ಕಾಣಲಿ ಎಂದು. ಅಂದಿನಿಂದ ಮರೆಸುವ ಕೆಲಸಕ್ಕೆ ನಾನು ಕೈ ಹಾಕಿಲ್ಲ. ಏನನ್ನು ತೋರಿಸಬೇಕು ಎಂದು ಮೊದಲು ಕೇಳಿಕೊಳ್ಳುತ್ತೇನೆ.

ಅಂಚು ಎಲ್ಲಿ ಮುಗಿಯುತ್ತದೆ ಎಂಬುದೂ ಅಷ್ಟೇ ಮುಖ್ಯ. ಬಟ್ಟೆ ಮುಗಿಯುವ ಕಡೆ ಕಣ್ಣು ನಿಲ್ಲುತ್ತದೆ. ಕುರ್ತಿಯ ಅಂಚು ಪೃಷ್ಠದ ಅತಿ ಅಗಲದ ಜಾಗದಲ್ಲೇ ನಿಂತರೆ ಅಲ್ಲಿಗೆ ಅಡ್ಡಗೆರೆ ಎಳೆದಂತೆ. ಎರಡು ಇಂಚು ಮೇಲೆ ಹೋಗಲಿ, ಇಲ್ಲವೇ ತೊಡೆಯ ನಡುವಿಗೆ ಇಳಿಯಲಿ. ತೋಳಿಗೂ ಇದೇ ಮಾತು. ಎದೆಯ ಮಟ್ಟದಲ್ಲಿ ಮುಗಿಯುವ ತೋಳು ಎದೆಯನ್ನು ಅಗಲ ಮಾಡಿ ತೋರಿಸುತ್ತದೆ. ತೋಳಿನ ಮೇಲ್ಭಾಗ ದಪ್ಪ ಎಂದು ಮುಜುಗರಪಡುವವರಿಗೆ ಮುಕ್ಕಾಲು ತೋಳು ಕೊಡುತ್ತೇನೆ, ಮಣಿಕಟ್ಟಿನ ಮೇಲಿನ ತೆಳುವಾದ ಭಾಗದಲ್ಲಿ ಮುಗಿಯುವಂತೆ.

ಕುಳ್ಳಗಿನವರ ಕಷ್ಟ ಬೇರೆ. ನಾಲ್ಕು ಅಡಿ ಹನ್ನೊಂದು ಇಂಚಿನ ಹುಡುಗಿ ನಲವತ್ತಾರು ಇಂಚಿನ ಕುರ್ತಿ ತಂದು ‘ಕೆಳಗೆ ಕತ್ತರಿಸಿ ಕೊಡಿ’ ಎನ್ನುತ್ತಾಳೆ. ಕತ್ತರಿಸಿದರೆ ಉದ್ದ ಸರಿಯಾಗುತ್ತದೆ, ಆಕಾರ ಸರಿಯಾಗುವುದಿಲ್ಲ. ಸೊಂಟಕ್ಕೆಂದು ಕೊಟ್ಟ ಒಳಬಾಗು ಅವಳ ಪೃಷ್ಠದ ಮೇಲೆ ಕೂತಿರುತ್ತದೆ, ಸೊಂಟದ ಬಳಿ ಬಟ್ಟೆ ಚೀಲದಂತೆ ಉಬ್ಬುತ್ತದೆ. ಅಂಥವರಿಗೆ ನಾನು ಭುಜದ ಹೊಲಿಗೆ ಬಿಚ್ಚಿ ಮೇಲಿನಿಂದ ಒಂದು ಇಂಚು ಎತ್ತುತ್ತೇನೆ. ಎದೆ, ಸೊಂಟ ಎರಡೂ ತಮ್ಮ ಜಾಗಕ್ಕೆ ಬರುತ್ತವೆ. ಕಂಕುಳು ಬಿಗಿಯಾಗುವುದರಿಂದ ಅದನ್ನು ಮತ್ತೆ ಕೊರೆಯಬೇಕು, ಕತ್ತನ್ನೂ ತುಸು ಇಳಿಸಬೇಕು. ಕೂಲಿ ಹೆಚ್ಚಾಗುತ್ತದೆ ನಿಜ, ಆದರೆ ಆ ಕುರ್ತಿಯನ್ನು ಅವಳು ವರ್ಷಗಟ್ಟಲೆ ತೊಡುತ್ತಾಳೆ. ಕೆಳಗೆ ಅದೇ ಬಣ್ಣದ ಪ್ಯಾಂಟು ಹಾಕಿಕೊಂಡರೆ ಇನ್ನೂ ಒಳ್ಳೆಯದು. ಬಣ್ಣ ನಡುವೆ ತುಂಡಾಗದಿದ್ದರೆ ಎತ್ತರವೂ ತುಂಡಾಗುವುದಿಲ್ಲ.

ಹೊಟ್ಟೆ ಇರುವವರ ಬಗ್ಗೆ ನನಗೆ ಹೆಚ್ಚು ಕಲಿಸಿದವರು ನಿವೃತ್ತ ಶಿಕ್ಷಕಿಯೊಬ್ಬರು. ನಾವೆಲ್ಲ ಅವರನ್ನು ಟೀಚರ್ ಎಂದೇ ಕರೆಯುವುದು. ಜೀವನವಿಡೀ ಸೀರೆ ಉಟ್ಟವರು ಮಂಡಿನೋವು ಶುರುವಾದ ಮೇಲೆ ಚೂಡಿದಾರಕ್ಕೆ ಬಂದರು. ಎಷ್ಟು ದೊಡ್ಡ ಅಳತೆಯದ್ದನ್ನು ಕೊಂಡರೂ ಮುಂದಿನ ಅಂಚು ಮೇಲಕ್ಕೆ ಎದ್ದು ನಿಲ್ಲುತ್ತದೆ, ಪಕ್ಕದ ಸ್ಲಿಟ್ ಬಾಯಿ ತೆರೆಯುತ್ತದೆ ಎಂದು ಅವರ ದೂರು. ಬಟ್ಟೆ ಹೊಟ್ಟೆಯ ಮೇಲೆ ಹತ್ತಿ ಇಳಿಯಬೇಕಲ್ಲ, ಆ ದಾರಿಗೆ ಬೇಕಾದ ಉದ್ದವನ್ನು ಯಾರೂ ಕೊಟ್ಟಿರಲಿಲ್ಲ. ಮುಂಭಾಗದ ನಡುವೆ ಒಂದು ಇಂಚು ಹೆಚ್ಚು ಉದ್ದ ಇಟ್ಟೆ, ಬದಿಗೆ ಬರುತ್ತಾ ಅದನ್ನು ಕರಗಿಸಿದೆ. ಪೃಷ್ಠದ ಅಳತೆಯನ್ನು ಕುರ್ಚಿಯಲ್ಲಿ ಕೂರಿಸಿ ತೆಗೆದೆ, ಕೂತಾಗ ಅದು ಹೆಚ್ಚಾಗುತ್ತದೆ. ಸೊಂಟದಲ್ಲಿ ಅಡ್ಡ ಹೊಲಿಗೆ ಇಡಲಿಲ್ಲ. ಭುಜ ಮತ್ತು ಎದೆಯ ಮೇಲ್ಭಾಗವನ್ನು ಮಾತ್ರ ಮೈಗೆ ಸರಿಯಾಗಿ ಹಿಡಿಸಿ, ಎದೆಯಿಂದ ಕೆಳಗೆ ನೇರವಾಗಿ ಇಳಿಬಿಟ್ಟೆ. ವಿ ಆಕಾರದ ಕತ್ತು ಕೊಟ್ಟೆ. ತೊಟ್ಟು ಕನ್ನಡಿಯ ಮುಂದೆ ಬದಿಗೆ ತಿರುಗಿ ನಿಂತರು, ಅಂಚು ನೆಲಕ್ಕೆ ಸಮವಾಗಿತ್ತು. ‘ಇನ್ನೆರಡು ಹೊಲಿದುಬಿಡು ಮಗಳೇ’ ಎನ್ನದೆ, ತಮ್ಮ ಹಳೆಯ ಮೂರು ಸೀರೆಗಳನ್ನೇ ಹೊಲಿಯಲು ತಂದು ಕೊಟ್ಟರು.

ಭುಜ ಅಗಲವಿರುವವರಿಗೆ, ಕಿರಿದಾದ ಭುಜದ ಆ ಬ್ಯಾಂಕಿನವರಿಗೆ ಮಾಡಿದ್ದರ ತಿರುವುಮುರುವು. ಕಾಲೇಜಿನ ವಾಲಿಬಾಲ್ ತಂಡದ ಹುಡುಗಿಯೊಬ್ಬಳಿಗೆ ಭುಜದ ಹೊಲಿಗೆಯನ್ನು ಅರ್ಧ ಇಂಚು ಒಳಕ್ಕೆ ತಂದೆ, ಪಫ್ ತೋಳು ಬೇಡವೆಂದೆ, ಸೊಂಟದಿಂದ ಕೆಳಗೆ ಕೊಡೆಯಂತೆ ಅರಳುವ ಅಂಬ್ರೆಲಾ ಕಟ್ ಕೊಟ್ಟೆ. ಅಂಬ್ರೆಲಾ ಕಟ್‌ನಲ್ಲಿ ಓರೆ ಎಳೆಯ ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಎರಡು ರಾತ್ರಿ ನೇತುಹಾಕಿ ಆಮೇಲೆ ಅಂಚು ಮಡಚಬೇಕು. ಮೇಲಿಂದ ಕೆಳಗೆ ಒಂದೇ ಸಮನಿರುವ ತೆಳು ಹುಡುಗಿಯರಿಗೆ ಬಟ್ಟೆ ಆರಿಸುವುದು ಸುಲಭ: ಸೊಂಟದಲ್ಲಿ ಹೊಲಿಗೆ, ಕೆಳಗೆ ಪ್ಲೀಟ್ಸ್, ತುಸು ಗಟ್ಟಿ ಬಟ್ಟೆ.

ಬಟ್ಟೆಯ ಗುಣವನ್ನು ನಮ್ಮ ಊರಿನ ಹವೆಯಲ್ಲಿಟ್ಟು ನೋಡಬೇಕು. ಸೆಕೆಗೆ ಬೆನ್ನು ಬೆವರಿದರೆ ತೆಳುವಾದ ಸಿಂಥೆಟಿಕ್ ಕ್ರೇಪ್ ಮೈಗೆ ಅಂಟಿ, ಒಳಗಿನ ಪ್ರತಿ ಮಡಿಕೆಯನ್ನೂ ತೋರಿಸುತ್ತದೆ. ರೇಯಾನ್ ಚೆನ್ನಾಗಿ ಇಳಿಯುತ್ತದೆ, ಆದರೆ ಮಳೆಗೆ ನೆನೆದರೆ ಭಾರವಾಗಿ ಜೋಲುತ್ತದೆ. ನನಗೆ ಮೆಚ್ಚಿನದು ಹತ್ತಿ, ಅದರಲ್ಲೂ 2016ರಲ್ಲಿ ಭೌಗೋಳಿಕ ಸೂಚಕದ, ಅಂದರೆ ಈ ಊರಿನದೇ ವಿಶೇಷವೆಂಬ (ಜಿಐ) ಮಾನ್ಯತೆ ಪಡೆದ ನಮ್ಮ ಉಡುಪಿ ಕೈಮಗ್ಗದ ಸೀರೆ. ಸೀರೆಯಿಂದ ಉಡುಪು ಹೊಲಿಸಲು ತರುವವರಿಗೆ ಎರಡು ಮಾತು ಹೇಳುತ್ತೇನೆ. ಕತ್ತರಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ, ಗಂಜಿ ಹೋಗಿ ಬಟ್ಟೆ ಕುಗ್ಗುವಷ್ಟು ಕುಗ್ಗಲಿ. ಅಗಲವಾದ ಅಂಚನ್ನು ಕೆಳಗೆ ಸುತ್ತಲೂ ಇಡಬೇಕೆಂಬ ಹಟ ಬೇಡ. ಎತ್ತರದವರಿಗೆ ಅದು ಶೋಭೆ, ಕುಳ್ಳಗಿನವರ ಕಾಲನ್ನು ಅದು ನುಂಗಿಬಿಡುತ್ತದೆ. ಅವರಿಗೆ ಅಂಚನ್ನು ಕತ್ತಿನಿಂದ ಕೆಳಗೆ ಉದ್ದಕ್ಕೆ ಇಳಿಸಿ ಹೊಲಿಯುತ್ತೇನೆ.

ಅಡ್ಡಗೆರೆಯ ಬಟ್ಟೆ ದಪ್ಪ ಕಾಣಿಸುತ್ತದೆ ಎಂದು ಬಿಟ್ಟುಹೋಗುವವರನ್ನು ನಾನು ತಡೆದು ನಿಲ್ಲಿಸುತ್ತೇನೆ. ಒಂದೇ ಅಳತೆಯ ಎರಡು ಚೌಕಗಳಲ್ಲಿ ಉದ್ದಗೆರೆ ತುಂಬಿದ್ದಕ್ಕಿಂತ ಅಡ್ಡಗೆರೆ ತುಂಬಿದ್ದು ಎತ್ತರವಾಗಿ ಕಾಣುತ್ತದೆ ಎಂದು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಬರೆದಿದ್ದರು. 2011ರಲ್ಲಿ ಇಂಗ್ಲೆಂಡಿನ ಸಂಶೋಧಕ ಪೀಟರ್ ಥಾಂಪ್ಸನ್ ಮತ್ತು ಅವರ ಸಹೋದ್ಯೋಗಿ ಹೆಂಗಸರ ಉಡುಪಿನ ಚಿತ್ರಗಳಲ್ಲೇ ಪರೀಕ್ಷಿಸಿ, ಅಡ್ಡಗೆರೆಯಿಂದ ದಪ್ಪ ಕಾಣುವುದಿಲ್ಲ ಎಂದು ಪ್ರಕಟಿಸಿದರು. ಮಣಿಪಾಲದಲ್ಲಿ ಓದುವ ನನ್ನ ಅಣ್ಣನ ಮಗಳು ಇದನ್ನು ಓದಿ ಹೇಳಿದ ದಿನ ನನಗೆ ಬಹಳ ಸಂತೋಷವಾಯಿತು. ಸಣ್ಣ ಅಡ್ಡಗೆರೆಯ ಕುರ್ತಿಗಳನ್ನು ಹೊಲಿದು ಕೊಟ್ಟಾಗ ನನ್ನ ಕಣ್ಣಿಗೆ ಕಂಡದ್ದೂ ಅದೇ ಆಗಿತ್ತು.

ಕೊನೆಯ ಪರೀಕ್ಷೆಗೆ ನನ್ನ ಅಂಗಡಿಯಲ್ಲಿ ಒಂದು ಮರದ ಮಣೆ ಇದೆ, ಹದಿನಾಲ್ಕು ಇಂಚು ಎತ್ತರದ್ದು. ನಮ್ಮ ಸರ್ವಿಸ್ ಬಸ್ಸುಗಳ ಮೊದಲ ಮೆಟ್ಟಿಲನ್ನು ನೆನೆದು ಮಾಡಿಸಿದ್ದು. ಕಚ್ಚಾ ಹೊಲಿಗೆಯ ಉಡುಪು ತೊಟ್ಟು ಅದನ್ನು ಹತ್ತಿ ಇಳಿಯಬೇಕು, ಬಸ್ಸಿನ ಕಂಬಿ ಹಿಡಿದಂತೆ ಕೈ ಎತ್ತಬೇಕು, ಒಮ್ಮೆ ನೆಲದಲ್ಲಿ ಚಕ್ಕಳಮಕ್ಕಳ ಕೂರಬೇಕು. ನಿಂತು ನೋಡಿದಾಗ ಚೆಂದವಿದ್ದ ಎಷ್ಟೋ ಉಡುಪುಗಳು ಮಣೆಯ ಮೇಲೆ ಸೋತಿವೆ. ಎಳೆದು ಸರಿಪಡಿಸಿಕೊಳ್ಳುತ್ತಲೇ ಇರಬೇಕಾದ ಬಟ್ಟೆಯಲ್ಲಿ ಯಾರೂ ಚೆಂದ ಕಾಣುವುದಿಲ್ಲ. ಅಳತೆಗೆ ಬರುವಾಗ, ಉಡುಪಿನೊಳಗೆ ನಿತ್ಯ ತೊಡುವ ಒಳ ಉಡುಪನ್ನೇ ತೊಟ್ಟು ಬನ್ನಿ ಎಂದೂ ಹೇಳುತ್ತೇನೆ. ಅದು ಬದಲಾದರೆ ಎದೆಯ ಅಳತೆಯೇ ಬದಲಾಗುತ್ತದೆ.

ಎರಡೂ ಬದಿಯ ಹೊಲಿಗೆಯಲ್ಲಿ ಒಂದೊಂದು ಇಂಚು ಮಾರ್ಜಿನ್ ಬಿಡುವುದು ನನ್ನ ರೂಢಿ. ಹೆರಿಗೆ, ಕಾಯಿಲೆ, ವಯಸ್ಸು, ಏನು ಬಂದರೂ ಮೈ ಬದಲಾಗುತ್ತದೆ. ಆ ಬ್ಯಾಂಕಿನವರು ಕಳೆದ ಪರ್ಯಾಯದ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ನಮ್ಮ ಕೃಷ್ಣಮಠದ ಉತ್ಸವದ, ಮುಂಚೆ ಅದೇ ಹಳೆಯ ಅನಾರ್ಕಲಿ ಹಿಡಿದುಕೊಂಡು ಬಂದಿದ್ದರು, ಸೊಂಟ ಬಿಗಿಯಾಗಿದೆ ಎಂದು. ಪಕ್ಕದ ಹೊಲಿಗೆ ಬಿಚ್ಚಿ ಎರಡೂ ಕಡೆ ಅರ್ಧರ್ಧ ಇಂಚು ಬಿಟ್ಟೆ. ಒಳಗಿದ್ದ ಬಟ್ಟೆಯ ಬಣ್ಣ ಹೊರಗಿನದಕ್ಕಿಂತ ತುಸು ಗಾಢವಾಗಿತ್ತು. ಎರಡು ಒಗೆತ ಕಳೆದರೆ ಹೊಂದಿಕೊಳ್ಳುತ್ತದೆ ಎಂದೆ. ಅವರು ಅಲ್ಲೇ ತೊಟ್ಟುಕೊಂಡು, ಮಣೆ ಹತ್ತಿ ಇಳಿದು, ಅದರಲ್ಲೇ ಮನೆಗೆ ಹೊರಟರು.